ಡಿಕ್ಕಿಯಲ್ಲಿ ಬ್ಯಾಟರಿ, ಸೆಲ್ಫ್ ತಂತಿಗೆ ಫ್ಯೂಸ್: ನನ್ನ ಅನುಭವ

ಬ್ಯಾಟರಿಯಿಂದ ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರಿಗೆ ಹೋಗುವ ತಂತಿಗೆ ಫ್ಯೂಸ್ ಹಾಕುತ್ತೇನೆ ಎಂದಾಗ ನಕ್ಕವರೇ ಹೆಚ್ಚು. ಕಂಪನಿಯವರೇ ಹಾಕುವುದಿಲ್ಲ, ನೀನು ಯಾರು ಎಂದರು. ಹಳೆಯ ಮಾರುತಿಗಳಲ್ಲಿ ಆ ತಂತಿ ಇರುವುದೇ ಒಂದೆರಡು ಮೊಳ, ಹಾಗಾಗಿ ಅಲ್ಲಿ ನಡೆಯುತ್ತದೆ. ನನ್ನ ಮಾರುತಿ ಝೆನ್‌ಗೆ ಎಸ್ಟೀಮ್ ಕಾರಿನ 1.3 ಲೀಟರ್ ಎಂಜಿನ್ ಕೂರಿಸಿ, ಜಾಗ ಸಾಲದೆ ಬ್ಯಾಟರಿಯನ್ನು ಡಿಕ್ಕಿಗೆ ಕಳಿಸಿದ ಮೇಲೆ ಅದೇ ತಂತಿ ನಾಲ್ಕೂವರೆ ಮೀಟರ್ ಆಯಿತು. ಸೀಟಿನ ಕೆಳಗೆ, ತಗಡಿನ ಅಂಚುಗಳ ನಡುವೆ ಅಷ್ಟುದ್ದ ಮಲಗಿರುವ ತಂತಿಯ ಹೊದಿಕೆ ಹರಿದು ತಗಡಿಗೆ ತಾಗಿದರೆ ಬೆಂಕಿಯೇ. ಅದಕ್ಕೆ ಫ್ಯೂಸಿನ ಕಾವಲಿಲ್ಲದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಮೊದಲ ಸೋಲು ದುಡ್ಡು ಉಳಿಸಲು ಹೋಗಿ ಆದದ್ದು. ಕಾರಿನ ಹಾಡಿನ ಆಂಪ್ಲಿಫೈಯರ್‌ಗೆ ಮಾರುವ ದಪ್ಪನೆಯ ಕೆಂಪು ತಂತಿಯ ಕಿಟ್ ಒಂದನ್ನು ಸುಮಾರು 1,800 ರೂಪಾಯಿಗೆ ತಂದೆ. ಚಿಕ್ಕಮಗಳೂರಿನ ಚಳಿಯ ಬೆಳಗಿನಲ್ಲಿ ಸೆಲ್ಫ್ ಮುಲುಗಿತೇ ಹೊರತು ತಿರುಗಲಿಲ್ಲ. ಮೀಟರ್ ಹಿಡಿದರೆ ಬ್ಯಾಟರಿಯಲ್ಲಿ 10.8 ವೋಲ್ಟ್, ಸೆಲ್ಫ್ ಬಳಿ 9ಕ್ಕಿಂತ ಕಡಿಮೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿದೆ: ಮೇಲೆ ತಾಮ್ರದ ಬಣ್ಣ, ಒಳಗೆಲ್ಲ ಬೆಳ್ಳಗೆ ಅಲ್ಯೂಮಿನಿಯಂ, ತಾಮ್ರದಷ್ಟು ಸಲೀಸಾಗಿ ಕರೆಂಟ್ ಹರಿಸದು. ಅಂದಿನಿಂದ ಅಂಗಡಿಯಲ್ಲೇ ಬ್ಲೇಡ್ ತೆಗೆಯುತ್ತೇನೆ, ಅವರು ಮುಖ ಸಿಂಡರಿಸಿದರೂ ಸರಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಪ್ಪಟ ತಾಮ್ರದ 35 ಚದರ ಮಿಲಿಮೀಟರಿನ ವೆಲ್ಡಿಂಗ್ ಕೇಬಲ್ ಸಿಕ್ಕಿತು. ಮೀಟರಿಗೆ 400ರ ಆಸುಪಾಸು ಕೊಟ್ಟ ನೆನಪು.

ಎರಡನೆಯದು ಕಿಟ್ಟಿನೊಂದಿಗೆ ಬಂದ ಪಾರದರ್ಶಕ ಪ್ಲಾಸ್ಟಿಕ್ಕಿನ ಫ್ಯೂಸ್ ಹೋಲ್ಡರ್. ತಂತಿಯನ್ನು ಒಂದು ಸಣ್ಣ ಸ್ಕ್ರೂ ಒತ್ತಿ ಹಿಡಿಯುತ್ತದೆ, ಅಷ್ಟೇ. ಡಿಕ್ಕಿಯ ಅಲುಗಾಟಕ್ಕೆ ಸ್ಕ್ರೂ ಸಡಿಲವಾಗಿ ಅಲ್ಲಿ ಬಿಸಿಯೇರಿ, ಫ್ಯೂಸ್ ನೆಟ್ಟಗಿದ್ದರೂ ಹೋಲ್ಡರ್ ಹಪ್ಪಳದಂತೆ ಸೊಟ್ಟಗಾಯಿತು. ಅದರೊಳಗಿದ್ದ 100 ಆಂಪಿಯರಿನ ಫ್ಯೂಸನ್ನು ಬೇರೆ ಹೋಲ್ಡರಿಗೆ ಹಾಕಿದೆ. ಅದು ಎರಡು ತಿಂಗಳು ಬಾಳಿ, ಒಂದು ಸಂಜೆ ನಾಲ್ಕೈದು ಸಲ ಒಂದೇ ಸಮನೆ ಸೆಲ್ಫ್ ಹೊಡೆದಾಗ ಹೋಯಿತು. ನಕ್ಕವರಿಗೆ ಆಗ ಹಬ್ಬ.

ನನಗೆ ಹಟ. ಗೆಳೆಯನೊಬ್ಬನಿಂದ ಡಿ.ಸಿ. ಕ್ಲಾಂಪ್ ಮೀಟರ್ (ತಂತಿಯನ್ನು ಕಚ್ಚಿ ಹಿಡಿದು ಕರೆಂಟ್ ಅಳೆಯುವ ಮೀಟರ್) ತಂದು ಅಳೆದೆ. ಸೆಲ್ಫ್ ತಿರುಗಲು ಹೊರಟ ಕ್ಷಣದಲ್ಲಿ 300 ಆಂಪಿಯರಿನ ಹತ್ತಿರ ಜಿಗಿದು, ಆಮೇಲೆ 130ಕ್ಕೆ ಇಳಿಯುತ್ತಿತ್ತು. ಎರಡು ಬೋಲ್ಟಿನಲ್ಲಿ ಬಿಗಿಯುವ, ಕ್ಷಣದ ಜಿಗಿತಕ್ಕೆ ಹೋಗದೆ ನಿಧಾನಕ್ಕೆ ಕರಗುವ 200 ಆಂಪಿಯರಿನ ಮೆಗಾ ಫ್ಯೂಸ್ ತಂದೆ. ಹೋಲ್ಡರ್ ಸೇರಿ 900 ರೂಪಾಯಿ ಚಿಲ್ಲರೆ. ಬ್ಯಾಟರಿ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಕೂರಿಸಿದೆ. ಮುಂದೆ ಬಾನೆಟ್ಟಿನಲ್ಲಿ ಕೇಬಲ್ ಬಂದು ಸೇರುವ ಒಂದು ಸ್ಟಡ್ (ಬೋಲ್ಟಿನ ಕಡ್ಡಿ). ಅಲ್ಲಿಂದ ಸೆಲ್ಫ್, ಮನೆಯ ಫ್ಯೂಸ್ ಬಾಕ್ಸ್‌ನಂತೆ ಉಳಿದ ಕವಲುಗಳು, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿಗೆ ಬೇರೆಯೇ 60ರ ಫ್ಯೂಸ್. ನನ್ನದು ಕಾರ್ಬುರೇಟರ್ ಗಾಡಿ. ಇ.ಸಿ.ಎಂ. (ಎಂಜಿನ್ ನಡೆಸುವ ಕಂಪ್ಯೂಟರ್) ಇರುವ ಗಾಡಿಯಲ್ಲಿ ಎಂಜಿನ್ ಓಡುತ್ತಿರುವಾಗ ಮುಖ್ಯ ಫ್ಯೂಸ್ ಹೋದರೆ ಆಲ್ಟರ್ನೇಟರಿನ ವೋಲ್ಟೇಜ್ ಜಿಗಿದು ಅದನ್ನು ಕೆಡಿಸಬಹುದು. ಅಂಥ ಗಾಡಿಯವರು ನನ್ನನ್ನು ಕುರುಡಾಗಿ ಅನುಸರಿಸಬೇಡಿ.

ಲಗ್‌ಗಳನ್ನು (ಕೇಬಲ್ ತುದಿಯ ಲೋಹದ ಉಂಗುರಗಳನ್ನು) ಹೈಡ್ರಾಲಿಕ್ ಕ್ರಿಂಪರಿನಲ್ಲೇ ಒತ್ತಿಸಿ. ವೈಸ್‌ನಲ್ಲಿ ಜಜ್ಜಿದ ನನ್ನ ಮೊದಲ ಲಗ್ ಮುಟ್ಟಲಾಗದಷ್ಟು ಬಿಸಿಯಾಗುತ್ತಿತ್ತು. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ, ಅಂದರೆ ಫೈರ್‌ವಾಲ್, ಕೇಬಲ್ ದಾಟುವಲ್ಲಿ ಗ್ರಾಮೆಟ್ (ತೂತಿನ ರಬ್ಬರ್ ಬಳೆ) ಒಂದೇ ಸಾಲದು. ನಾನು ಅಲ್ಲಿ ಏನು ಸುತ್ತಿದ್ದೇನೆ ಎಂಬುದು ನನ್ನ ಬಳಿಯೇ ಇರಲಿ. ಸೈಕಲ್ ಅಂಗಡಿಯಲ್ಲಿ ಸಿಗುತ್ತದೆ ಎಂದಷ್ಟೇ ಹೇಳುತ್ತೇನೆ.

ಅರ್ಥ್, ಅಂದರೆ ಕರೆಂಟ್ ಕಾರಿನ ತಗಡಿನ ಮೂಲಕ ಬ್ಯಾಟರಿಗೆ ಮರಳುವ ದಾರಿ, ನನ್ನನ್ನು ಸತಾಯಿಸಿದಷ್ಟು ಬೇರೇನೂ ಸತಾಯಿಸಲಿಲ್ಲ. ಡಿಕ್ಕಿಯ ನೆಲಕ್ಕೆ ಬೋಲ್ಟ್ ಬಿಗಿದು ಮುಗಿಯಿತೆಂದುಕೊಂಡಿದ್ದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್ ಬ್ಲಾಕಿಗೆ ಮೀಟರ್ ಹಿಡಿದರೆ 0.8 ವೋಲ್ಟ್ ಅಲ್ಲೇ ಸೋರಿಹೋಗುತ್ತಿತ್ತು. ಉಪ್ಪುಕಾಗದದಲ್ಲಿ ಬಣ್ಣ ಕೆರೆದು ತಗಡು ಹೊಳೆಯುವಂತೆ ಮಾಡಿ, ಮೇಲೆ ಗ್ರೀಸ್ ಸವರಿ, ಎಂಜಿನ್ನಿಂದ ಕಾರಿನ ಚಾಸಿಗೆ (ತಗಡಿನ ಮೈಗೆ) ಅಷ್ಟೇ ದಪ್ಪದ ಇನ್ನೊಂದು ಪಟ್ಟಿ ಹಾಕಿದ ಮೇಲೆ 0.2ಕ್ಕೆ ಇಳಿಯಿತು.

ನಡುವೆ ಒಂದು ಹುಚ್ಚಾಟವೂ ಆಯಿತು. ಝೆನ್‌ನ ಡಿಕ್ಕಿ ಅಂದರೆ ಕ್ಯಾಬಿನ್ನೇ. ನೀರು ಹಾಕುವ ಬ್ಯಾಟರಿ ಇಟ್ಟರೆ ಚಾರ್ಜ್ ಹೆಚ್ಚಾದಾಗ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹೊಡೆಯುತ್ತದೆ, ಸಿಡಿಯುವ ಹೈಡ್ರೋಜನ್ ಬೇರೆ. ಅದಕ್ಕೆ ಯು.ಪಿ.ಎಸ್.ನ 26 ಎ.ಎಚ್. (ಆಂಪಿಯರ್-ಅವರ್) ಸೀಲ್ಡ್ ಬ್ಯಾಟರಿ ಇಟ್ಟೆ. ಚೆನ್ನಾಗಿಯೇ ಸೆಲ್ಫ್ ಎತ್ತಿತು. ನಾಲ್ಕು ತಿಂಗಳಿಗೆ ಹೊಟ್ಟೆ ಉಬ್ಬಿಸಿಕೊಂಡಿತು. ಈಗ ನೀರು ಹಾಕಬೇಕಿಲ್ಲದ, ಕಾರಿನದ್ದೇ ಎ.ಜಿ.ಎಂ. ಬ್ಯಾಟರಿಯನ್ನು ಪೆಟ್ಟಿಗೆಯೊಳಗೆ ಇಟ್ಟು, ಗಾಳಿಕೊಳವೆಯನ್ನು ನೆಲದ ಕೆಳಗೆ ಬಿಟ್ಟಿದ್ದೇನೆ. ಹಾಳಾದದ್ದೂ ಸೇರಿ ಒಟ್ಟು ಹದಿನೈದು ಸಾವಿರ ದಾಟಿರಬೇಕು. ಮನೆಯಲ್ಲಿ ಒಂಬತ್ತು ಎಂದು ಹೇಳಿದ್ದೇನೆ.

ಕಳೆದ ಮಳೆಗಾಲದಲ್ಲಿ ತೋಟದ ಮಣ್ಣುರಸ್ತೆಯ ತಿರುವಿನಲ್ಲಿ ಗಾಡಿ ಜಾರಿ ಸಿಲ್ವರ್ ಓಕ್ ಮರಕ್ಕೆ ಮೂತಿ ಕೊಟ್ಟಿತು. ಒಳಗೆ ಮಡಚಿಕೊಂಡ ತಗಡು ಸೀದಾ ಆ ಸ್ಟಡ್ಡಿಗೆ ತಾಗಿತ್ತು. ಹಿಂದಿನಿಂದ ಟಪ್ ಎಂಬ ಒಂದು ಸದ್ದು, ಆಮೇಲೆ ಎಲ್ಲವೂ ಕತ್ತಲು. ಸೀಟಿನ ಕೆಳಗೆ ಕೈ ಹಾಕಿ ಕೇಬಲ್ ಮುಟ್ಟಿದೆ: ತಣ್ಣಗಿತ್ತು. ಎಳೆದು ತರಲು ಜಿಪ್ಸಿಯಲ್ಲಿ ಬಂದವನು ಎಲ್ಲರಿಗಿಂತ ಜೋರಾಗಿ ನಕ್ಕಿದ್ದವನೇ. ಟಾರ್ಚ್ ಹಿಡಿದು ಕರಗಿದ ಫ್ಯೂಸನ್ನು ಬಹಳ ಹೊತ್ತು ನೋಡಿ, ಆ ಹೋಲ್ಡರ್ ಯಾವ ಅಂಗಡಿಯದು ಎಂದು ಕೇಳಿದ.