ಫ್ರಾನ್ಸಿನ ಹಳ್ಳಿಯೊಂದನ್ನು ಎಲ್ಲೆಯಿಂದ ಒಳಕ್ಕೆ ಓದುವುದು

ಮೂವತ್ತು ವರ್ಷ ಸರ್ವೆ ಕೆಲಸ ಮಾಡಿದವನಿಗೆ ಯಾವ ಊರಿಗೆ ಹೋದರೂ ಕಣ್ಣು ಮೊದಲು ಹೋಗುವುದು ಹೊಲದ ಬದುಗಳ ಕಡೆಗೆ. ನಾನ್ಸಿಯಲ್ಲಿರುವ ಮಗಳ ಮನೆಗೆ ಹೋದ ಮೊದಲ ವಾರವೇ ಅವಳು ನನ್ನನ್ನು, ಹದಿನೈದನೇ ಶತಮಾನದಲ್ಲಿ ಇಂಗ್ಲಿಷರ ವಿರುದ್ಧ ಹೋರಾಡಿದ ಜೋನ್ ಆಫ್ ಆರ್ಕ್ ಹುಟ್ಟಿದ ದೊಂರೆಮಿ-ಲಾ-ಪ್ಯುಸೆಲ್‌ಗೆ ಕರೆದೊಯ್ದಳು. ಬಂದವರೆಲ್ಲ ಆ ಹುಡುಗಿಯ ಮನೆ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನು ಕೇಳಿದ್ದು, "ಈ ಊರಿನ ಎಲ್ಲೆ ಎಲ್ಲಿಗೆ ಮುಗಿಯುತ್ತೆ?" ಮಗಳು ನಕ್ಕಳು. "ಅಪ್ಪಾ, ನೀವು ರಿಟೈರ್ ಆಗಿದ್ದೀರಿ."

ಆದರೂ ಎರಡು ಬೇಸಿಗೆ ಅದೇ ಕೆಲಸವಾಯಿತು. ಫ್ರಾನ್ಸಿನ ಯಾವುದಾದರೂ ಹಳ್ಳಿಯ ಭೂಗೋಳ, ಇತಿಹಾಸ ತಿಳಿಯಬೇಕೆನ್ನುವವರಿಗೆ ನಾನು ಹಿಡಿದ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಫ್ರೆಂಚ್ ನನಗೆ ಅರೆಬರೆ. ನಕ್ಷೆ ಓದಲು ಅಷ್ಟು ಸಾಕು.

ಮೊದಲು ಊರು ಅದೇನಾ ಎಂದು ಖಚಿತ ಮಾಡಿಕೊಳ್ಳಿ. ಇದರಲ್ಲಿ ನಾನು ಎರಡು ಸಂಜೆ ಕಳೆದುಕೊಂಡೆ. ಜಾಲದಲ್ಲಿ ದೊಂರೆಮಿ ಎಂದು ಹುಡುಕಿ, ಸಿಕ್ಕ ಹಳೆಯ ದಾಖಲೆಯನ್ನು ಶ್ರದ್ಧೆಯಿಂದ ಟಿಪ್ಪಣಿ ಮಾಡುತ್ತಿದ್ದೆ. ಮಗಳು ಹಿಂದಿನಿಂದ ಇಣುಕಿ, "ಇದು ದೊಂರೆಮಿ-ಲಾಂದೆವಿಲ್ ಅಪ್ಪಾ, ಬೇರೆ ಜಿಲ್ಲೆ" ಅಂದಳು. ಅದು ಓತ್-ಮಾರ್ನ್‌ನಲ್ಲಿದೆ. ಮ್ಯೂಸ್ ಜಿಲ್ಲೆಯಲ್ಲಿ ದೊಂರೆಮಿ-ಲಾ-ಕಾನ್ ಎಂಬ ಇನ್ನೊಂದಿದೆ. ನನಗೆ ಬೇಕಿದ್ದದ್ದು ವೋಜ್ ಜಿಲ್ಲೆಯದು. ಇಂಥ ಗೊಂದಲ ತಪ್ಪಿಸಲು ಅಲ್ಲಿನ ಅಂಕಿಅಂಶ ಸಂಸ್ಥೆ ಇನ್ಸೆ ಪ್ರತಿ ಕಮ್ಯೂನ್‌ಗೂ ಐದು ಅಂಕಿಯ ಸಂಖ್ಯೆ ಕೊಟ್ಟಿದೆ. ಮೊದಲ ಎರಡು ಅಂಕಿ ಜಿಲ್ಲೆಯದು (ವೋಜ್‌ಗೆ 88), ಉಳಿದ ಮೂರು ಊರಿನದು. ಪಿನ್‌ಕೋಡ್ ಕೂಡ ಐದೇ ಅಂಕಿ, ಆದರೆ ಅದು ಅಂಚೆಯವರ ಲೆಕ್ಕ; ಹಲವು ಊರುಗಳಿಗೆ ಒಂದೇ ಇರಬಹುದು. ಇನ್ಸೆ ಸಂಖ್ಯೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆದುಕೊಳ್ಳಿ.

ಕಮ್ಯೂನ್ ಎಂದರೆ ಅಲ್ಲಿನ ಅತಿ ಚಿಕ್ಕ ಆಡಳಿತ ಘಟಕ. ಐವತ್ತು ಜನರಿದ್ದರೂ ಅದಕ್ಕೊಬ್ಬ ಮೇಯರ್, ಒಂದು ಸಭೆ. ಕ್ರಾಂತಿಯ ವರ್ಷ, 1789ರ ಡಿಸೆಂಬರ್ 14ರ ಕಾನೂನಿನಿಂದ ಈ ವ್ಯವಸ್ಥೆ ಹುಟ್ಟಿತು. ಈಗ ದೇಶದಲ್ಲಿ ಇಂಥವು ಸುಮಾರು 34,900 ಇವೆ. ಆದರೆ ಕಾನೂನು ಹೊಸದಾದರೂ ಗಡಿ ಹೊಸದಲ್ಲ. ಬಹುತೇಕ ಕಡೆ ಹಳೆಯ ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಸೀಮೆ, ಎಷ್ಟಿತ್ತೋ ಅಷ್ಟನ್ನೇ ಕಮ್ಯೂನ್ ಅಂದರು. ಹಾಗಾಗಿ ಊರಿನ ಅತ್ಯಂತ ಹಳೆಯ ದಾಖಲೆ ಯಾವ ಕಪಾಟಿನಲ್ಲೂ ಇಲ್ಲ, ನೆಲದ ಮೇಲೇ ಇದೆ. ಎಲ್ಲೆಯಿಂದ ಶುರು ಮಾಡಿ ಎಂದು ನಾನು ಹೇಳುವುದು ಇದಕ್ಕೇ.

ಅಲ್ಲಿನ ಭೂಮಾಪನ ಸಂಸ್ಥೆ ಐಜಿಎನ್‌ನ ಜಾಲತಾಣದಲ್ಲಿ 1:25,000 ನಕ್ಷೆ ಉಚಿತವಾಗಿ ಸಿಗುತ್ತದೆ. ನಾಲ್ಕು ಸೆಂಟಿಮೀಟರ್‌ಗೆ ಒಂದು ಕಿಲೋಮೀಟರ್. ಕಮ್ಯೂನ್ ಗಡಿಯ ಪದರವನ್ನು ಮೇಲೆ ಹಾಕಿ, ಬೆರಳಿಟ್ಟು ಒಂದು ಸುತ್ತು ಬನ್ನಿ. ಗಡಿ ಎಲ್ಲಿ ಹೊಳೆ ಹಿಡಿದು ಹೋಗುತ್ತದೆ, ಎಲ್ಲಿ ಗುಡ್ಡದ ನೆತ್ತಿ ಹಿಡಿಯುತ್ತದೆ, ಎಲ್ಲಿ ಒಂದು ರಸ್ತೆಯನ್ನು ಬಿಡದೆ ಕಿಲೋಮೀಟರ್‌ಗಟ್ಟಲೆ ನೇರ ಓಡುತ್ತದೆ ಎಂದು ಗುರುತಿಸಿ. ಬಾಣದಂತೆ ನೇರವಾದ ರಸ್ತೆ ಗಡಿಯೂ ಆಗಿದ್ದರೆ, ಅದು ರೋಮನ್ನರ ಕಾಲದ ದಾರಿಯೇ ಎಂದು ವಿಚಾರಿಸುವುದು ಒಳ್ಳೆಯದು. ನಾನ್ಸಿ, ದೊಂರೆಮಿ ಇರುವ ಲೊರೇನ್ ಸೀಮೆಯ ನದಿ ಕಣಿವೆಗಳಲ್ಲಿ ಕಮ್ಯೂನ್‌ಗಳು ಹೊಳೆಯಿಂದ ಶುರುವಾಗಿ ಇಳಿಜಾರು ಹತ್ತಿ ಕಾಡಿನವರೆಗೆ ಉದ್ದುದ್ದ ಚಾಚಿಕೊಂಡಿರುವುದು ಕಾಣುತ್ತದೆ. ಸುಮ್ಮನೆ ಬಂದ ಆಕಾರವಲ್ಲ ಅದು. ಪ್ರತಿ ಊರಿಗೂ ನೀರ ಪಕ್ಕದ ಹುಲ್ಲುಗಾವಲು, ನಡುವೆ ಉಳುವ ನೆಲ, ಇಳಿಜಾರಿನಲ್ಲಿ ದ್ರಾಕ್ಷಿ, ಮೇಲೆ ಸೌದೆ ಎಲ್ಲವೂ ಬೇಕಿತ್ತು. ದೊಂರೆಮಿಯಲ್ಲೂ ಹಾಗೇ: ಕೆಳಗೆ ಮ್ಯೂಸ್ ನದಿ, ಮೇಲೆ ಬೋಯಿ ಶೆನ್ಯು ಎಂಬ ಓಕ್ ಕಾಡು.

ಈ ಕಾಡಿನ ವಿಷಯದಲ್ಲಿ ನನಗೆ ತುಂಬ ಖುಷಿ ಕೊಟ್ಟ ಒಂದು ಸಂಗತಿ ಇದೆ. 1431ರ ವಿಚಾರಣೆಯಲ್ಲಿ ನ್ಯಾಯಾಧೀಶರು ಕೇಳಿದಾಗ ಜೋನ್ ಹೇಳಿದ್ದಳು: ಬೋಯಿ ಶೆನ್ಯು ನಮ್ಮಪ್ಪನ ಮನೆಯಿಂದ ಕಾಣುತ್ತದೆ, ಅರ್ಧ ಲೀಗ್ ದೂರವೂ ಇಲ್ಲ. ಅರ್ಧ ಲೀಗ್ ಅಂದರೆ ಸುಮಾರು ಎರಡು ಕಿಲೋಮೀಟರ್. ನಕ್ಷೆಯಲ್ಲಿ ಅಳೆದೆ, ಹತ್ತಿರ ಹತ್ತಿರ ಒಂದೂವರೆ ಬಂತು. ಸಾಕ್ಷಿ ಸರಿ! ಸೈನಿಕರ ಭಯವಿದ್ದಾಗ ದನಗಳನ್ನು 'ದ್ವೀಪ' ಎಂದು ಕರೆಯುತ್ತಿದ್ದ ಕೋಟೆಯ ಜಾಗಕ್ಕೆ ಅಟ್ಟುತ್ತಿದ್ದೆವು ಎಂದೂ ಅವಳು ಹೇಳಿದ್ದಾಳೆ. ಕಾಗದದಲ್ಲಿ ಏನು ಓದಿದರೂ ಹೀಗೆ ನೆಲದ ಮೇಲೆ ಇಟ್ಟು ನೋಡಿ. ಆ ಊರಿನ ಒಳಗಿನ ಒಂದು ಪುಟ್ಟ ತೊರೆಯನ್ನು ನಾನು ಮೊದಲ ಸಲ ದಾಟಿದ್ದೂ ಗೊತ್ತಾಗಲಿಲ್ಲ. ಜೋನ್ ಕಾಲಕ್ಕೆ ಅದರ ಎರಡು ದಡ ಎರಡು ಬೇರೆ ಒಡೆತನಗಳಿಗೆ ಸೇರಿತ್ತಂತೆ. ಅವಳ ಮನೆ ಯಾವ ದಡದ್ದು ಎಂದು ಇತಿಹಾಸಕಾರರು ಕಾಗದ ಸವೆಸಿದ್ದಾರೆ. ನಮ್ಮ ಕಡೆ ಹಿಸ್ಸಾ ಜಗಳ ನೋಡಿದವನಿಗೆ ಇದು ಹೊಸದಲ್ಲ.

ಎರಡನೆಯದು ಹೆಸರುಗಳು. ಊರಿನ ಹೆಸರಲ್ಲಿ 'ದೋಂ' ಬಂದರೆ ಅದು ಲ್ಯಾಟಿನ್ನಿನ ದೋಮಿನುಸ್, ಅಂದರೆ ಒಡೆಯ. ಸಂತನಿಗೆ ಹೇಳುವ ಮಾತು. ದೊಂರೆಮಿ ಎಂದರೆ ಸಂತ ರೆಮಿಯ ಊರು, ಅಲ್ಲಿನ ಚರ್ಚೂ ಅವನದೇ. ದೊಂಬಾಲ್, ದೊಮಾರ್ತಾಂ ಇವೂ ಅದೇ ಮನೆತನದ ಹೆಸರುಗಳು. ದಕ್ಷಿಣದಲ್ಲಿ 'ಆಕ್' ಎಂದೂ ಉತ್ತರದಲ್ಲಿ 'ಇ' ಎಂದೂ ಮುಗಿಯುವ ಎಷ್ಟೋ ಹೆಸರುಗಳ ಹಿಂದೆ ರೋಮನ್ನರು ಆ ನಾಡನ್ನು ಆಳಿದ ಗಾಲೋ-ರೋಮನ್ ಕಾಲದ ಒಬ್ಬ ಭೂಮಾಲೀಕ ಕೂತಿದ್ದಾನೆ. ವಿಲ್‌ನವ್, ವಿಲ್‌ಫ್ರಾಂಶ್ ಎಂದರೆ ಮಧ್ಯಯುಗದಲ್ಲಿ ಹೊಸದಾಗಿ ನೆಟ್ಟ ಊರು.

ಊರಿನ ಹೆಸರಿಗಿಂತ ಹೊಲಗಳ ಹೆಸರು ನನಗೆ ಹೆಚ್ಚು ರುಚಿ. ಲಿಯ-ದಿ ಎನ್ನುತ್ತಾರೆ, ನಕ್ಷೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತವೆ. ಲೇಝೆಸಾರ್ ಎಂದಿದ್ದರೆ ಕಾಡು ಕಡಿದು ಮಾಡಿದ ಹೊಲ. ಲಾ ಮಾಲಾದ್ರೆರಿ ಇದ್ದಲ್ಲಿ ಕುಷ್ಠರೋಗಿಗಳ ಆಶ್ರಮವಿತ್ತು, ಅದಕ್ಕೇ ಊರಾಚೆ. ಲಾ ಜ್ಯೂಸ್ತಿಸ್ ಎಂಬ ದಿಣ್ಣೆಯ ಮೇಲೆ ಗಲ್ಲುಗಂಬ ನಿಂತಿದ್ದಿರಬೇಕು. ಲಾ ತ್ವಿಲ್‌ರಿ ಎಂದರೆ ಹೆಂಚಿನ ಭಟ್ಟಿ. ಲೇ ವಿನ್ಯ್ ಎಂದು ಬರೆದಿರುವ ಇಳಿಜಾರಿನಲ್ಲಿ ಈಗ ಒಂದು ದ್ರಾಕ್ಷಿ ಬಳ್ಳಿಯೂ ಇಲ್ಲದಿದ್ದರೆ, 1860ರ ದಶಕದಿಂದ ಹಬ್ಬಿದ ಫಿಲೊಕ್ಸೆರಾ ಎಂಬ ಕೀಟ ಬೇರು ತಿಂದಿರಬಹುದು, ಅಥವಾ ರೈಲು ತಂದ ದಕ್ಷಿಣದ ಅಗ್ಗದ ವೈನ್ ಅದನ್ನು ತಿಂದಿರಬಹುದು.

ಇನ್ನು ಹಳೆಯ ನಕ್ಷೆಗಳು. ಕಸ್ಸಿನಿ ಮನೆತನದ ನಕ್ಷೆಗೆ ನಾನು ಕೈಮುಗಿಯುತ್ತೇನೆ. ಇಡೀ ದೇಶವನ್ನು ತ್ರಿಕೋನ ಮಾಪನದಿಂದ ಅಳೆದು, 1756ರಿಂದ 1815ರವರೆಗೆ ಹಾಳೆ ಹಾಳೆಯಾಗಿ ಹೊರತಂದರು. ಅಳತೆ 1:86,400. ವಿಚಿತ್ರ ಸಂಖ್ಯೆ ಅನ್ನಿಸಬಹುದು. ಅಲ್ಲಿನ ಹಳೆಯ ಉದ್ದಳತೆಯಲ್ಲಿ ಒಂದು ತ್ವಾಜ್‌ಗೆ 864 ಲಿನ್ಯ್, ನಕ್ಷೆಯಲ್ಲಿ ಒಂದು ಲಿನ್ಯ್ ಅಂದರೆ ನೆಲದಲ್ಲಿ ನೂರು ತ್ವಾಜ್, ಅಷ್ಟೇ ಲೆಕ್ಕ. ಗಿರಣಿ, ಕಾಡು, ಗಂಟೆಗೋಪುರ ನೋಡಲು ಇದು ಚೆನ್ನ. ಗುಡ್ಡದ ಎತ್ತರಕ್ಕೆ ಮಾತ್ರ ನಂಬಬೇಡಿ.

ಹೊಲ ಹೊಲ ಬೇಕಾದರೆ ನೆಪೋಲಿಯನ್ ಕಾಲದ ಕದಾಸ್ತ್ರ್‌ಗೆ ಬನ್ನಿ. 1807ರ ಸೆಪ್ಟೆಂಬರ್ 15ರ ಕಾನೂನಿನಂತೆ ಭೂಕಂದಾಯಕ್ಕಾಗಿ ಪ್ರತಿ ಕಮ್ಯೂನನ್ನೂ ಅಳೆದರು. ಮುಗಿಯಲು ದಶಕಗಳೇ ಹಿಡಿದವು. ಜಿಲ್ಲಾ ಪತ್ರಾಗಾರದ ಜಾಲತಾಣದಲ್ಲಿ 3P ಎಂಬ ಶ್ರೇಣಿಯಲ್ಲಿ ಹುಡುಕಿ (ವೋಜ್‌ನದು ಎಪಿನಾಲ್‌ನಲ್ಲಿದೆ). ಮೂರು ಭಾಗ ಇರುತ್ತದೆ, ಮೂರೂ ಬೇಕು. ಮೊದಲು ಇಡೀ ಊರನ್ನು ಒಂದೇ ಹಾಳೆಯಲ್ಲಿ ತೋರಿಸುವ ಜೋಡಣೆ ನಕ್ಷೆ, ಅದರ ಹಿಂದೆ ಎ, ಬಿ, ಸಿ ಎಂದು ವಿಭಾಗದ ಹಾಳೆಗಳು. ಎರಡನೆಯದು ಸರ್ವೆ ನಂಬರಿನಿಂದ ಮಾಲೀಕ, ಬೆಳೆ, ವಿಸ್ತೀರ್ಣ ಹುಡುಕುವ ಪುಸ್ತಕ. ಮೂರನೆಯದು ಮಾಲೀಕನ ಹೆಸರಿನಿಂದ ಅವನ ತುಂಡುಗಳನ್ನೆಲ್ಲ ಹುಡುಕುವ ಪುಸ್ತಕ. ಜಮೀನು ಯಾರಿಂದ ಯಾರಿಗೆ ಹೋಯಿತು ಎಂಬುದೂ ಅದರಲ್ಲೇ. ಪಹಣಿ ಓದಿ ಗೊತ್ತಿದ್ದವರಿಗೆ ಕಾಲಂಗಳು ತಾವಾಗಿ ಅರ್ಥವಾಗುತ್ತವೆ. ಇನ್ನೂ ಹಳೆಯ ಪತ್ರ ಸಿಕ್ಕರೆ ಲೊರೇನ್‌ನಲ್ಲಿ ಹೊಲವನ್ನು 'ದಿನ'ದಲ್ಲೂ ಹುಲ್ಲುಗಾವಲನ್ನು 'ಕೊಯ್ಲು'ಗಳಲ್ಲೂ ಅಳೆದಿರುತ್ತಾರೆ: ಒಂದು ದಿನ ಉಳುವಷ್ಟು, ಒಂದು ದಿನ ಹುಲ್ಲು ಕೊಯ್ಯುವಷ್ಟು. ಪ್ರದೇಶಕ್ಕೆ ಪ್ರದೇಶ ಬೇರೆ, ಆದ್ದರಿಂದ ಹೆಕ್ಟೇರಿಗೆ ಪರಿವರ್ತಿಸುವಾಗ ಆಯಾ ಊರಿನ ಅಳತೆ ಮೊದಲು ಕೇಳಿ.

ಈ ಹಾಳೆಯ ಪಕ್ಕದಲ್ಲಿ ಐಜಿಎನ್‌ನ 'ಕಾಲದಲ್ಲಿ ಹಿಂದಕ್ಕೆ' ಎಂಬ ತಾಣದಿಂದ 1950ರ ದಶಕದ ವಿಮಾನಚಿತ್ರವನ್ನೂ ಇಂದಿನದನ್ನೂ ಇಡಿ. ಬಾಚಣಿಗೆ ಹಲ್ಲಿನಂತಿದ್ದ ಪಟ್ಟಿಹೊಲಗಳು ಮಾಯವಾಗಿ ದೊಡ್ಡ ದೊಡ್ಡ ಚೌಕಗಳಾಗಿವೆಯೇ? ಅದು ರಮಾಂಬ್ರಮಾಂ, ಎರಡನೇ ಮಹಾಯುದ್ಧದ ನಂತರ ಟ್ರ್ಯಾಕ್ಟರ್ ತಿರುಗಲೆಂದು ಸರ್ಕಾರವೇ ನಿಂತು ಮಾಡಿಸಿದ ಜಮೀನು ಒಟ್ಟುಗೂಡಿಕೆ. ಸಾವಿರ ವರ್ಷ ಉಳಿದಿದ್ದ ಬದುಗಳು ಕೆಲವೇ ವರ್ಷದಲ್ಲಿ ಹೋದವು. ಸರ್ವೆಯವನಾಗಿ ನಾನು ಅದನ್ನು ಮೆಚ್ಚಬೇಕು, ಮೆಚ್ಚಲಾರೆ.

ಜನರ ದಾಖಲೆಗೆ ಹೆಚ್ಚು ಹೇಳುವುದಿಲ್ಲ, ವಂಶವೃಕ್ಷ ಹುಡುಕುವವರು ಅದನ್ನು ಬೇಕಾದಷ್ಟು ಬರೆದಿದ್ದಾರೆ. ದೀಕ್ಷಾಸ್ನಾನ ಬರೆದಿಡಬೇಕೆಂದು 1539ರ ರಾಜಾಜ್ಞೆ, ಮದುವೆ ಸಾವು ಬರೆಯಲು 1579ರದು, ಪಾದ್ರಿಯ ಕೈಯಿಂದ ಪುಸ್ತಕ ಮೇಯರ್ ಕೈಗೆ ಹೋದದ್ದು 1792ರ ಸೆಪ್ಟೆಂಬರ್ 20ರ ಕಾನೂನಿನಿಂದ. ಒಂದು ಎಚ್ಚರಿಕೆ ಮಾತ್ರ: ಆಮೇಲೆ 1805ರ ಕೊನೆಯವರೆಗೆ ಕ್ರಾಂತಿಯ ಪಂಚಾಂಗ. 'ಆನ್ XI' ಎಂದಿದ್ದುದನ್ನು ನಾನು 1811 ಎಂದು ಬರೆದುಕೊಂಡು, ಮಕ್ಕಳು ಹುಟ್ಟಿದ ಮೇಲೆ ಒಬ್ಬನಿಗೆ ಮದುವೆ ಮಾಡಿಸಿದ್ದೆ. ಅದು ಆ ಪಂಚಾಂಗದ ಹನ್ನೊಂದನೇ ವರ್ಷ, 1802-03. ಜನಸಂಖ್ಯೆಗೆ 6M ಶ್ರೇಣಿ. 1836ರಿಂದ ಹೆಚ್ಚುಕಡಿಮೆ ಐದು ವರ್ಷಕ್ಕೊಮ್ಮೆ ಮನೆಮನೆಯ ಪಟ್ಟಿ ಇದೆ. ಬಹಳ ಹಳ್ಳಿಗಳಲ್ಲಿ ಹತ್ತೊಂಬತ್ತನೇ ಶತಮಾನದ ನಡುವೆ ಜನ ತುಂಬಿ, ಆಮೇಲೆ ಇಳಿಯುತ್ತಲೇ ಹೋಗುವುದನ್ನು ಕಾಣುತ್ತೀರಿ.

ಇಷ್ಟಾದ ಮೇಲೆ ಹೋಗಿ ನಡೆಯಿರಿ. ಲೊರೇನ್ ಹಳ್ಳಿಯಾದರೆ ಒಂದೇ ಬೀದಿ, ಗೋಡೆಗೆ ಗೋಡೆ ಅಂಟಿದ ಮನೆಗಳು, ಮನೆಗೂ ರಸ್ತೆಗೂ ನಡುವೆ ಅಗಲವಾದ ಜಾಗ. ಅದರ ಹೆಸರು ಉಝ್ವಾರ್. ಗೊಬ್ಬರದ ತಿಪ್ಪೆ, ಸೌದೆ, ಗಾಡಿ ಎಲ್ಲ ಅಲ್ಲೇ ಇರುತ್ತಿದ್ದವು. ಈಗ ಕಾರು, ಹೂಕುಂಡ. ಬಟ್ಟೆ ಒಗೆಯುವ ಮಾಡು ಕಂಡರೆ, ಅದಕ್ಕೆ ಸರ್ಕಾರದ ಸಹಾಯಧನ ಕೊಟ್ಟ 1851ರ ಕಾನೂನು ನೆನಪಿರಲಿ. ಸ್ಮಶಾನ ಚರ್ಚಿನ ಪಕ್ಕ ಇಲ್ಲದೆ ಊರಾಚೆ ಇದ್ದರೆ 1804ರ ಆಜ್ಞೆಯ ನಂತರ ಸ್ಥಳಾಂತರವಾಗಿರಬಹುದು. ಯುದ್ಧಸ್ಮಾರಕದ ಮೇಲಿನ 1914-18ರ ಹೆಸರುಗಳನ್ನು ಎಣಿಸಿ, 1911ರ ಜನಗಣತಿಯ ಪಕ್ಕ ಬರೆಯಿರಿ. ಒಂದೇ ಮನೆತನದ ಹೆಸರು ಮೂರು ಸಲ ಬಂದದ್ದು ಕಂಡರೆ ಪಟ್ಟಿಯಲ್ಲಿ ಆ ಮನೆ ಹುಡುಕಿ. ಕಮ್ಯೂನ್ ಕಚೇರಿ, ಅಂದರೆ ಮೆರಿ, ಸಣ್ಣ ಊರುಗಳಲ್ಲಿ ವಾರಕ್ಕೆ ಒಂದೆರಡು ಅರ್ಧ ದಿನ ಮಾತ್ರ ತೆರೆದಿರುವುದುಂಟು. ಮೊದಲೇ ಪತ್ರ ಬರೆದು, ಇಂಥ ವರ್ಷದ ಸಭಾ ನಡವಳಿ ಬೇಕು ಎಂದು ತಿಳಿಸಿ. 'ಊರಿನ ಇತಿಹಾಸ ಬೇಕು' ಎಂದರೆ ಪ್ರವಾಸಿ ಕರಪತ್ರ ಕೈಗಿಡುತ್ತಾರೆ.

ಎರಡನೇ ಬೇಸಿಗೆಯ ಕೊನೆಯಲ್ಲಿ ವೆರ್ದುನ್ ಹತ್ತಿರದ ಫ್ಲರಿ-ದವಾಂ-ದುವೊಮೊಂಗೆ ಹೋದೆವು. ಮೊದಲ ಮಹಾಯುದ್ಧದ 1916ರ ಕದನದಲ್ಲಿ ಆ ಊರು ಪೂರ್ತಿ ಪುಡಿಯಾಯಿತು, ಮತ್ತೆ ಕಟ್ಟಲಿಲ್ಲ. ಆದರೂ ಅದು ಈಗಲೂ ಕಮ್ಯೂನ್. ಅಂಥವು ಅಲ್ಲಿ ಆರು ಇವೆ. ಜನಸಂಖ್ಯೆ ಸೊನ್ನೆ, ಮತದಾರರಿಲ್ಲದ್ದರಿಂದ ಮೇಯರ್‌ನನ್ನು ಜಿಲ್ಲಾಧಿಕಾರಿ ನೇಮಿಸುತ್ತಾರೆ. ಬಾಂಬಿನ ಗುಂಡಿಗಳ ನಡುವೆ ಮರಗಳು ಬೆಳೆದಿವೆ, ಇಲ್ಲಿ ರೊಟ್ಟಿಯವನ ಮನೆ, ಇಲ್ಲಿ ಶಾಲೆ ಎಂದು ಗುರುತು ನೆಟ್ಟಿದ್ದಾರೆ. ನೀವೂ ಹೋದರೆ ಹಳೆಯ ಕದಾಸ್ತ್ರ್ ಹಾಳೆಯ ಪ್ರತಿ ತೆಗೆದುಕೊಂಡು ಹೋಗಿ, ಗುರುತುಗಳ ಜೊತೆ ಹೊಂದಿಸುತ್ತ ಹಳೆಯ ಬೀದಿಯ ಮೇಲೇ ನಡೆಯಬಹುದು. ಕಾಲುದಾರಿ ಬಿಟ್ಟು ಮಾತ್ರ ಒಳಗೆ ಇಳಿಯಬೇಡಿ. ಸಿಡಿಯದ ಗುಂಡುಗಳು ಆ ಮಣ್ಣಿನಲ್ಲಿ ಇನ್ನೂ ಇವೆ.