ಕವಡೆ ಹಾಕಿ ಕೆಲಸ ಗಿಟ್ಟಿಸಿದ್ದು

ಪುಣೆಯ ಹಿಂಜವಡಿಯಲ್ಲಿ 9 ವರ್ಷ ಬ್ಯಾಂಕ್ ಪ್ರಾಜೆಕ್ಟ್‌ಗಳಿಗೆ ಜಾವಾ ಕೋಡ್ ಬರೆದೆ. ಮನೆಗೆ ಬಂದು ರಾತ್ರಿ ಎರಡರ ತನಕ ಗೇಮ್ ಆಡುತ್ತಿದ್ದೆ. ಗೇಮ್ ಕಂಪನಿಗೇ ಹೋಗ್ತೀನಿ ಅಂದಾಗ ಭಾವ ನಕ್ಕರು. "ಆಡೋದು ಬೇರೆ, ಮಾಡೋದು ಬೇರೆ ಕಣಯ್ಯ. ಮನೆ ಸಾಲ ಯಾರು ಕಟ್ತಾರೆ?" ಈಗ ಇಲ್ಲೇ ಬಾಣೇರ್‌ನ ಒಂದು ಗೇಮ್ ಸ್ಟುಡಿಯೋ ಸೇರಿ 8 ತಿಂಗಳಾಯಿತು. ಅದಕ್ಕೇ ಇದನ್ನು ಬರೆಯುವ ಧೈರ್ಯ.

ಮೊದಲ ಎರಡು ವರ್ಷ ಬರೀ ದುಡ್ಡು ಸುಟ್ಟೆ. ಲ್ಯಾಪ್‌ಟಾಪ್‌ಗೆ 95 ಸಾವಿರ ಚಿಲ್ಲರೆ, ಕೋರ್ಸ್‌ಗಳಿಗೆ 30 ಸಾವಿರದ ಹತ್ತಿರ. ಶುರು ಮಾಡಿದ್ದು ಯುದ್ಧದ ಆಟ, ಅದೂ ಓಪನ್ ವರ್ಲ್ಡ್ (ಆಡುವವರು ಎಲ್ಲಿ ಬೇಕಾದರೂ ಸುತ್ತಾಡಬಹುದಾದ ದೊಡ್ಡ ಲೋಕ), ಒಬ್ಬನೇ ಕೂತು! ಒಂದು ಕೋಟೆ, ಅರ್ಧ ಕುದುರೆ ಆಯಿತು. ಕುದುರೆ ಇನ್ನೂ ಹಾಗೇ ಇದೆ.

ಆಮೇಲೆ ಚೌಕಾಬಾರ ಹಿಡಿದೆ. 25 ಮನೆ, 4 ಕವಡೆ, ಅಷ್ಟೇ. ಗೇಮ್ ಕಟ್ಟೋಕೆ ಗೊಡೊ ಎಂಜಿನ್ ಅನ್ನೋ ಸಾಫ್ಟ್‌ವೇರ್ ತಗೊಂಡೆ, ಲೈಸೆನ್ಸ್ ಖರ್ಚಿಲ್ಲ. ಬೆಳಗ್ಗೆ 5ರಿಂದ 7. ಆಟದ ನಿಯಮಗಳು ಎರಡೇ ವಾರದಲ್ಲಿ ಮುಗಿದವು. ಕವಡೆ ಮಾತ್ರ ನಾಲ್ಕು ತಿಂಗಳು ತಿಂದಿತು.

ಮೊದಲು ಎಂಜಿನ್‌ನ ಫಿಸಿಕ್ಸ್ ಲೆಕ್ಕ ಹಾಕಿ ಕವಡೆಯನ್ನು ನಿಜವಾದದ್ದರ ಹಾಗೇ ಉರುಳಿಸಿದೆ. ಅಗ್ಗದ ಫೋನ್‌ನಲ್ಲಿ ಕವಡೆ ಅಂಚಿನ ಮೇಲೆ ನಿಂತುಬಿಡುತ್ತಿತ್ತು. ಅಂಗಾತವೂ ಅಲ್ಲ, ಬೋರಲೂ ಅಲ್ಲ. ಕೊನೆಗೆ ಗರ ಮೊದಲೇ ತೀರ್ಮಾನಿಸಿ, ಅದಕ್ಕೆ ಹೊಂದುವ ಅನಿಮೇಷನ್ ಓಡಿಸಿದೆ. ಒಂದೇ ಅನಿಮೇಷನ್ ಮತ್ತೆ ಮತ್ತೆ ಬಂತು ಅಂತ ಗೊತ್ತಾಗದ ಹಾಗೆ ಮಾಡೋದು ಹೇಗೆ? ಅದು ನನ್ನ ಹತ್ತಿರವೇ ಇರಲಿ.

ಅಮ್ಮ ಮೈಸೂರಿಂದ ಬಂದಾಗ ಆಡಿ ನೋಡಿದರು. "ಬಾರ ಇಷ್ಟು ಸಲೀಸಾಗಿ ಬೀಳಲ್ಲ ಕಣೋ." ನಾಲ್ಕೂ ಕವಡೆ ಬೋರಲು ಬಿದ್ದರೆ ಬಾರ. ನಾನು ಒಂದೊಂದು ಕವಡೆಗೂ ಅಂಗಾತ, ಬೋರಲು ಎರಡಕ್ಕೂ ಅರ್ಧ-ಅರ್ಧ ಸಾಧ್ಯತೆ ಕೊಟ್ಟಿದ್ದೆ. ಆ ಲೆಕ್ಕಕ್ಕೆ 16 ಸಲಕ್ಕೊಮ್ಮೆ ಬಾರ. ಅಮ್ಮನ ಕವಡೆಗಳನ್ನೇ ಚಾಪೆ ಮೇಲೆ ಸುಮಾರು 400 ಸಲ ಹಾಕಿ ಬರೆದುಕೊಂಡೆ. ನೂರಕ್ಕೆ 60ರ ಹತ್ತಿರ ಅಂಗಾತ. ಅಂದರೆ ಬಾರ ಬೀಳೋದು 40 ಸಲಕ್ಕೊಮ್ಮೆ! ಸುಮ್ನೆ ಕುತೂಹಲಕ್ಕೆ ಪುಣೆಯ ತುಳಶೀಬಾಗ್ ಪೇಟೆಯಲ್ಲಿ ಕೊಂಡ ಕವಡೆ ಹಾಕಿದರೆ ಲೆಕ್ಕ ಮತ್ತೆ ಬೇರೆ. ಆಟದಲ್ಲಿ ಇರೋದು ಅಮ್ಮನ ಕವಡೆಯ ಲೆಕ್ಕವೇ.

ಪ್ಲೇ ಸ್ಟೋರ್ ಖಾತೆಗೆ 25 ಡಾಲರ್. ಹೊಸ ವೈಯಕ್ತಿಕ ಖಾತೆಯಾದರೆ ಬಿಡುಗಡೆಗೆ ಮೊದಲು 12 ಜನ ಸತತ 14 ದಿನ ಟೆಸ್ಟರ್‌ಗಳಾಗಿ ಇರಬೇಕು. ನೆಂಟರನ್ನೇ ಸೇರಿಸಿದೆ. ಹತ್ತನೇ ದಿನ ಚಿಕ್ಕಪ್ಪ ಟೆಸ್ಟಿಂಗ್‌ನಿಂದ ಹೊರಬಿದ್ದರು, 11 ಜನ ಉಳಿದರು, ಮತ್ತೆ ಒಂದರಿಂದ ಎಣಿಕೆ. ಎರಡನೇ ಸಲ 17 ಜನರನ್ನು ಇಟ್ಟುಕೊಂಡೆ.

ಗಳಿಕೆ ಕೇಳಬೇಡಿ. ಜಾಹೀರಾತಿನಿಂದ ಇವತ್ತಿನವರೆಗೆ ಬಂದಿದ್ದು 3 ಸಾವಿರ ಚಿಲ್ಲರೆ.

ಆದರೆ ಇಂಟರ್‌ವ್ಯೂನಲ್ಲಿ ಜಾವಾ ಬಗ್ಗೆ ಒಂದೇ ಒಂದು ಪ್ರಶ್ನೆ ಬರಲಿಲ್ಲ. ಮುಕ್ಕಾಲು ಗಂಟೆ ಕವಡೆ ಬಗ್ಗೆಯೇ ಮಾತು. ಹಿಂದೆ ಕೋರ್ಸ್‌ಗಳ ಸರ್ಟಿಫಿಕೇಟ್‌ಗಳನ್ನು ಕಳಿಸಿದಾಗ ಇದೇ ಥರದ ಆರು ಕಂಪನಿಗಳಿಂದ ಉತ್ತರವೂ ಬಂದಿರಲಿಲ್ಲ ಅನ್ನಿ. ಸಂಬಳ ಮೊದಲಿಗಿಂತ 20 ಪರ್ಸೆಂಟ್ ಕಡಿಮೆ. ಕಂತು ಹೇಗೋ ನಡೀತಿದೆ.

ಭಾವ ಈಗ ಆ್ಯಪ್‌ನಲ್ಲಿ ದಿನಾ ಆಡ್ತಾರೆ. ಬಾರ ಬೀಳಲ್ಲ ಅಂತ ನನಗೆ ಫೋನ್ ಮಾಡಿ ಬೈತಾರೆ.