ಕೆಸರಿನ ರೈಡಿಗೂ ಮೇಣದ ಚೈನು: ನಾನು ಮಾಡಿದ್ದು ಹೀಗೆ

ಮೌಂಟೇನ್ ಬೈಕ್ ಚೈನ್‌ಗೆ ಎಣ್ಣೆ ಬದಲು ಬಿಸಿ ಮೇಣ ಹಾಕ್ತೀನಿ ಅಂದಾಗ ಜೊತೆಲಿ ರೈಡ್ ಮಾಡೋರು ಒಬ್ರೂ ಒಪ್ಪಲಿಲ್ಲ. ಅದು ರೋಡ್ ಬೈಕ್‌ನವರ ಶೋಕಿ, ಕೆಸರು ನೀರು ತಾಗಿದ್ರೆ ಅರ್ಧ ಗಂಟೇಲಿ ತೊಳ್ಕೊಂಡು ಹೋಗತ್ತೆ, ಆಮೇಲೆ ಚೈನು ಕಿರ್ ಕಿರ್ ಅನ್ಕೊಂಡು ತುಕ್ಕು ಹಿಡಿಯತ್ತೆ ಅಂತ ಎಲ್ಲರದ್ದೂ ಒಂದೇ ರಾಗ. ಬೈಕ್ ರಿಪೇರಿ ಮಾಡೋ ಒಬ್ಬರಂತೂ ಇದನ್ನೆಲ್ಲ ಬಿಟ್ಟು ಒಳ್ಳೆ ವೆಟ್ ಲೂಬ್ (ಮಳೆಗೆ ಅಂತ ಇರೋ ಚೈನ್ ಎಣ್ಣೆ) ತಗೊಳ್ಳಿ ಅಂತ ಬುದ್ಧಿ ಹೇಳಿ ಕಳಿಸಿದ್ರು. ಈಗ ಎರಡು ಮಳೆಗಾಲ ಮುಗಿದಿದೆ, ಮೂರು ಚೈನ್ ಸರದಿ ಮೇಲೆ ಓಡಿಸ್ತಾ ಇದೀನಿ, ಒಂದೊಂದೂ ಹೆಚ್ಚುಕಮ್ಮಿ 2,500 ಕಿಲೋಮೀಟರ್ ಆಗಿರಬೇಕು, ಸವೆತ ಅಳೆಯೋ ಚೈನ್ ಚೆಕರ್‌ನ 0.5 (ಚೈನು ಅರ್ಧ ಪರ್ಸೆಂಟ್ ಹಿಗ್ಗಿದೆ ಅನ್ನೋ) ಕಡೆ ಯಾವುದರಲ್ಲೂ ಇನ್ನೂ ಒಳಗೆ ಇಳಿದಿಲ್ಲ. ಕ್ಯಾಸೆಟ್ (ಹಿಂದಿನ ಚಕ್ರದ ಗೇರ್ ಹಲ್ಲುಚಕ್ರಗಳ ಜೋಡಣೆ) ಹಳೇದೇ ಇದೆ, ಪೆಡಲ್ ಹತ್ರದ ಹಲ್ಲುಚಕ್ರ, ಚೈನ್‌ರಿಂಗ್ ಕೂಡ ಅದೇ. ಅವತ್ತು ತಲೆ ಅಲ್ಲಾಡಿಸಿದವರಲ್ಲಿ ಇಬ್ಬರು ಈಗ ಅವರ ಚೈನ್ ಬಿಚ್ಚಿ ನನ್ನ ಕೈಗೆ ಕೊಡ್ತಾರೆ, ಹಾಗಾಗಿ ಒಂದ್ಸಲ ಕೂತು ಬರೆದೇ ಬಿಡೋಣ ಅನ್ನಿಸ್ತು.

ಎಣ್ಣೆ ಹಾಕ್ತಿದ್ದಾಗ ಲೆಕ್ಕ ಹೀಗಿತ್ತು. ಧೂಳಲ್ಲಿ ಡ್ರೈ ಲೂಬ್, ಮಳೇಲಿ ವೆಟ್ ಲೂಬ್, ಮಧ್ಯೆ ಸೆರಾಮಿಕ್ ಅಂತ ಬರೆದಿರೋ ದುಬಾರಿ ಬಾಟಲಿ ಎರಡು ಮೂರು. ಯಾವುದು ಹಾಕಿದ್ರೂ 1,000, ಬಹಳ ಅಂದ್ರೆ 1,200 ಕಿಲೋಮೀಟರಿಗೆ ಚೈನು 0.5 ದಾಟ್ತಿತ್ತು. ಹನ್ನೆರಡು ಸ್ಪೀಡ್ ಡ್ರೈವ್‌ಟ್ರೇನ್ (ಚೈನು, ಗೇರು ಎಲ್ಲ ಸೇರಿ) ಓಡಿಸೋರಿಗೆ ಗೊತ್ತು, ಅಲ್ಲಿಂದ ಮುಂದೆ ಅದೇ ಚೈನಲ್ಲಿ ಓಡಿಸಿದ್ರೆ ಕ್ಯಾಸೆಟ್ ಹಲ್ಲು ತಿನ್ನೋಕೆ ಶುರು ಮಾಡತ್ತೆ, ಮತ್ತೆ 10-51 ಹಲ್ಲಿನ ಕ್ಯಾಸೆಟ್ ಒಂದರ ದುಡ್ಡಲ್ಲಿ ನಾಲ್ಕೈದು ಚೈನು ಬರತ್ತೆ. ನನ್ನ ಒಂದು ಕ್ಯಾಸೆಟ್ ಹಾಗೇ ಹೋಯ್ತು, ಹೊಸ ಚೈನ್ ಹಾಕಿದ್ರೆ ಚಿಕ್ಕ ಮೂರು ಹಲ್ಲುಚಕ್ರದಲ್ಲಿ ಜಾರೋದು, ಏರು ಹತ್ತೋವಾಗ ಪೆಡಲ್ ಮೇಲೆ ನಿಂತ್ರೆ ದಡ್ ಅಂತ ಕೆಳಗೆ ಇಳಿಯೋದು. ಆ ಖರ್ಚು ಆದ್ಮೇಲೆ ಮೇಣ ಒಂದು ಕೈ ನೋಡೇ ಬಿಡೋಣ ಅಂತ ಕೂತೆ.

ಮೇಣ ಕೈಕೊಡ್ತು ಅನ್ನೋರಲ್ಲಿ ಮುಕ್ಕಾಲು ಜನರ ಕಥೆ ಕೇಳಿದ್ರೆ ತೊಂದರೆ ಇರೋದು ಮೇಣದಲ್ಲಲ್ಲ, ಚೈನ್ ತೊಳೆಯೋದ್ರಲ್ಲಿ. ಫ್ಯಾಕ್ಟರಿಯಿಂದ ಬರೋ ಗ್ರೀಸು ಪಿನ್ನು ರೋಲರ್ ಮಧ್ಯೆ ಒಂಚೂರು ಉಳಿದ್ರೂ ಮೇಣ ಲೋಹಕ್ಕೆ ಹಿಡಿಯಲ್ಲ. ಪರೀಕ್ಷೆಗೆ ಅಂತಲೇ ಒಂದು ಚೈನ್ ಅರೆಬರೆ ತೊಳೆದು ಮೇಣಕ್ಕೆ ಅದ್ದಿ ನೋಡ್ದೆ, ಮೇಲೆ ನೋಡೋಕೆ ಚೆನ್ನಾಗೇ ಇತ್ತು, ಸುಮಾರು 60 ಕಿಲೋಮೀಟರಿಗೆ ಸದ್ದು ಶುರು, ಬಿಚ್ಚಿ ಬಿಳಿ ಬಟ್ಟೇಲಿ ಒರೆಸಿದ್ರೆ ಬೂದು ಬಣ್ಣದ ಜಿಡ್ಡು. ಅದೇ ಇನ್ನೊಂದು ಹೊಸ ಚೈನು ಪೂರ್ತಿ ತೊಳೆದು ಹಾಕಿದ್ದು ಅದೇ ಟ್ರೇಲಲ್ಲಿ 200 ದಾಟಿದ್ರೂ ಸುಮ್ನೆ ಓಡ್ತು.

ಪೂರ್ತಿ ತೊಳೆಯೋದು ಅಂದ್ರೆ ಮುಚ್ಚಳ ಇರೋ ಅಗಲ ಬಾಯಿ ಬಾಟಲಿಗೆ ಚೈನ್ ಹಾಕಿ ಮಿನರಲ್ ಟರ್ಪೆಂಟೈನ್ ಸುರಿದು ಅಲ್ಲಾಡಿಸಿ, ಒಂದಷ್ಟು ಹೊತ್ತು ಬಿಟ್ಟು, ಚೆಲ್ಲದೆ ಬೇರೆ ಬಾಟಲಿಗೆ ಬಗ್ಗಿಸಿಟ್ಟು, ಮತ್ತೆ ಹೊಸದು. ಮೂರ್ನಾಲ್ಕು ಸಲ ಆದ್ಮೇಲೆ ದ್ರಾವಣ ತಿಳಿಯಾಗೇ ಉಳಿಯತ್ತೆ, ಅಲ್ಲಿಗೆ ನಿಲ್ಲಿಸಬೇಡಿ, ಟರ್ಪೆಂಟೈನ್ ತಾನೇ ಒಂದು ತೆಳು ಪದರ ಬಿಟ್ಟು ಹೋಗತ್ತೆ, ಅದನ್ನ ತೆಗೆಯೋಕೆ ಕೊನೇಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಇಲ್ಲಾ ಮೆಥಿಲೇಟೆಡ್ ಸ್ಪಿರಿಟ್‌ನಲ್ಲಿ ಎರಡು ಸಲ. ಸರಿಯಾಗಿ ತೊಳೆದ ಚೈನ್ ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರೆ ಒಣ ಸರಪಳಿ ಸದ್ದು ಬರತ್ತೆ, ಜಿಡ್ಡಿರೋದು ಮಂದವಾಗಿ ಕೇಳತ್ತೆ, ನನಗೆ ಈಗ ಆ ಸದ್ದೇ ಸಾಕು. ಹಳೇ ಟರ್ಪೆಂಟೈನ್ ವಾರ ಬಿಟ್ರೆ ಕೊಳೆ ತಳಕ್ಕೆ ಕೂರತ್ತೆ, ಮೇಲಿನದನ್ನ ಮುಂದಿನ ಚೈನ್‌ನ ಮೊದಲ ಎರಡು ಸುತ್ತಿಗೆ ಬಳಸ್ತೀನಿ, ದುಡ್ಡು ಉಳಿಯತ್ತೆ. ಇದೆಲ್ಲ ಮನೆ ಹೊರಗೆ, ಬೆಂಕಿಯಿಂದ ದೂರ. ತಿಂಗಳುಗಟ್ಟಲೆ ಎಣ್ಣೇಲಿ ಓಡಿದ ಚೈನ್ ತೊಳೆಯೋಕೆ ಕೂರಬೇಡಿ, ಒಳಗಿನ ಮರಳು ಪೇಸ್ಟ್ ಬಿಡಿಸೋಕೆ ಬೇಕಾಗೋ ದ್ರಾವಣದ ಖರ್ಚೇ ಜಾಸ್ತಿ ಆಗತ್ತೆ, ಹೊಸ ಚೈನಲ್ಲೇ ಶುರು ಮಾಡಿ. ಅಲ್ಟ್ರಾಸಾನಿಕ್ ಕ್ಲೀನರ್ ಕೂಡ ಎರವಲು ತಂದು ನೋಡ್ದೆ, ನನ್ನ ಪ್ರಕಾರ ಬಾಟಲಿ ಅಲ್ಲಾಡಿಸೋದೇ ಸಾಕು, ಅದಕ್ಕೆ ದುಡ್ಡು ಹಾಕಬೇಡಿ.

ಮೇಣದ ವಿಷಯಕ್ಕೆ ಬಂದ್ರೆ, ಸೈಕಲ್‌ಗೆ ಅಂತಲೇ ಮಾರೋ ಮೋಲ್ಟನ್ ಸ್ಪೀಡ್ ವ್ಯಾಕ್ಸ್, ಸಿಲ್ಕಾ ಥರದವು ಇವೆ, ಒಂದು ಪ್ಯಾಕೆಟ್ ಬಳಸಿದೀನಿ, ನಿಜವಾಗ್ಲೂ ಚೆನ್ನಾಗಿದೆ. ಆದ್ರೆ ನಾನು ತಿಂಗಳಿಗೆ ಆರೇಳು ಸಲ ಅದ್ದೋನು, ಆ ಬೆಲೆ ನನಗೆ ಗಿಟ್ಟಲ್ಲ. ಶುದ್ಧ ಪ್ಯಾರಾಫಿನ್ ತಗೊಂಡೆ, 58-60 ಡಿಗ್ರಿಗೆ ಕರಗೋ ಜಾತಿ, ಅರ್ಧ ಕೇಜಿ ಇದ್ರೆ ಒಂದು ಚೈನ್ ಆರಾಮಾಗಿ ಮುಳುಗತ್ತೆ. ಅದಕ್ಕೆ ಮುಂಚೆ ಉಳಿತಾಯ ಅಂತ ಮೇಣದಬತ್ತಿ ಕರಗಿಸಿ ನೋಡಿದ್ದೆ, ಬಣ್ಣ ಸುವಾಸನೆ ಇರೋದಂತೂ ಬೇಡವೇ ಬೇಡ, ಬಿಳಿದೂ ಅಷ್ಟಕ್ಕಷ್ಟೆ, ಬತ್ತಿ ಗಟ್ಟಿಯಾಗಲಿ ಅಂತ ಸೇರಿಸಿರೋ ಸಾಮಾನಿಂದ ಇರಬೇಕು, ಪುಡಿಪುಡಿಯಾಗಿ ಬೇಗ ಉದುರಿ ಹೋಯ್ತು. ಜೇನುಮೇಣ ಬೆರೆಸಿದ್ದು ಇನ್ನೊಂದು ಪ್ರಯೋಗ. ನೀರಿಗೆ ಚೆನ್ನಾಗಿ ತಡ್ಕೊಳ್ತು, ಆದ್ರೆ ಅಂಟು, ಧೂಳೆಲ್ಲ ಮೆತ್ತಿಕೊಂಡು ಎಣ್ಣೆ ಚೈನ್ ಥರಾನೇ ಆಯ್ತು. ಪ್ಯಾರಾಫಿನ್ ಮೆತ್ತಗಾಗಲಿ ಅಂತ ಲಿಕ್ವಿಡ್ ಪ್ಯಾರಾಫಿನ್ ಸ್ವಲ್ಪ ಹಾಕಿದ್ದೂ ಆಯ್ತು, ಬಿಸಿಲಲ್ಲಿ ಬೈಕ್ ನಿಲ್ಲಿಸಿದ್ರೆ ಚೈನು ಜಿಡ್ಡು ಬಿಡ್ತಿತ್ತು. ಕೊನೆಗೆ ಉಳಿದಿದ್ದು ಪ್ಯಾರಾಫಿನ್, ಉಜ್ಜಾಟ ಕಮ್ಮಿ ಮಾಡೋ ಮಾಲಿಬ್ಡಿನಮ್ ಡೈಸಲ್ಫೈಡ್ ಪುಡಿ ಚಿಟಿಕೆ, ಮತ್ತೆ ಇನ್ನೊಂದು ಸಾಮಾನು. ಆ ಇನ್ನೊಂದು ಏನು, ಎಷ್ಟು ಅಂತ ಹೇಳಲ್ಲ, ಅದನ್ನ ಹಿಡಿಯೋಕೆ ನನಗೆ ಒಂದು ವರ್ಷ ಹಿಡಿದಿದೆ. ಅದಿಲ್ಲದಿದ್ರೂ ಮುಕ್ಕಾಲು ಪಾಲು ಫಲ ಬರತ್ತೆ, ಬರೀ ಪ್ಯಾರಾಫಿನ್ ಹಾಕಿದ ಚೈನ್ ಕೂಡ ನನ್ನ ಹಳೇ ವೆಟ್ ಲೂಬ್‌ಗಿಂತ ಎಷ್ಟೋ ಮೇಲು.

ಕರಗಿಸೋಕೆ ಬಿಸಿ ಹತೋಟೀಲಿ ಇಡೋ ಎಲೆಕ್ಟ್ರಿಕ್ ಕುಕ್ಕರ್, ಅಡುಗೇದಲ್ಲ, ಇದಕ್ಕೇ ಇಟ್ಟಿರೋದು. ಒಲೆ ಮೇಲೆ ನೇರ ಪಾತ್ರೆ ಇಡೋ ಕೆಲಸ ಬೇಡ. ಮೇಣ 90-95 ಡಿಗ್ರಿಗೆ ಬಂದ್ಮೇಲೆ ಚೈನ್‌ನ ದಪ್ಪ ತಂತಿಗೆ ಪೋಣಿಸಿ ಇಳಿಸಿ, ಹತ್ತು ನಿಮಿಷ ಹಾಗೇ ಬಿಟ್ಟು, ಆಮೇಲೆ ಚೆನ್ನಾಗಿ ತಿರುವಿ ಆಡಿಸಬೇಕು. ಶುರುವಲ್ಲಿ ಸಣ್ಣ ಸಣ್ಣ ಗುಳ್ಳೆ ಬರ್ತಾ ಇರತ್ತೆ, ರೋಲರ್ ಒಳಗಿನ ಗಾಳಿ ಹೊರಗೆ ಬರೋದು ಅದು, ಗುಳ್ಳೆ ನಿಂತ್ರೆ ಮೇಣ ಒಳಗೆ ಹೋಯ್ತು ಅಂತ.

ಕೆಸರಿಗೂ ಮೇಣ ನಿಲ್ಲೋ ಹಾಗೆ ಮಾಡಿದ್ದು ಇಲ್ಲಿಂದ ಮುಂದಿನ ಕೆಲಸ. ಬಿಸಿ ಇದ್ದಾಗಲೇ ಚೈನ್ ಎತ್ತಿದ್ರೆ ಮೇಣ ನೀರಿನ ಹಾಗೆ ಹರಿದು ಕೆಳಗಿಳಿದು ಹೋಗತ್ತೆ, ಒಳಗೆ ತೆಳು ಪದರ ಮಾತ್ರ ಉಳಿಯತ್ತೆ. ಒಣ ಧೂಳಿನ ಸೀಸನ್‌ಗೆ ಅದು ಸಾಕು, ಉದುರೋದೂ ಕಮ್ಮಿ. ಮಳೆ ಕೆಸರಿಗೆ ಅಂದ್ರೆ ಕುಕ್ಕರ್ ಆಫ್ ಮಾಡಿ ಚೈನ್ ಒಳಗೇ ಬಿಟ್ಟು ಕಾಯಬೇಕು. ಮೇಣ 65 ಡಿಗ್ರಿ ಹತ್ರ ಇಳಿದು, ಪಾತ್ರೆ ಅಂಚಲ್ಲಿ ತೆಳ್ಳಗೆ ಬಿಳಿ ಕೆನೆ ಕಟ್ಟೋಕೆ ಶುರುವಾಗತ್ತಲ್ಲ, ಆಗ ನಿಧಾನಕ್ಕೆ ಎತ್ತಬೇಕು. ಹೊರಗೆ ನೋಡೋಕೆ ಗಲೀಜಾಗಿ ದಪ್ಪ ಮೆತ್ತಿರತ್ತೆ, ಪರವಾಗಿಲ್ಲ, ಒಳಗೆ ಅಷ್ಟೇ ಗಟ್ಟಿ ತುಂಬಿರತ್ತೆ. ಇನ್ನೂ ಸ್ವಲ್ಪ ತಡ ಮಾಡಿದ್ರೆ ಚೈನ್ ಸಮೇತ ಎಲ್ಲ ಗಡ್ಡೆ ಕಟ್ಟತ್ತೆ, ಮತ್ತೆ ಕರಗಿಸಬೇಕು ಅಷ್ಟೆ. ನೇತುಹಾಕಿ ಪೂರ್ತಿ ಆರಿದ್ಮೇಲೆ ಚೈನು ಕೋಲಿನ ಹಾಗೆ ಸೆಟೆದುಕೊಂಡಿರತ್ತೆ, ತೆಳು ಪೈಪ್ ಮೇಲೆ ಎಳೆದು ಒಂದೊಂದೇ ಲಿಂಕ್ ಚಟ್ ಚಟ್ ಅಂತ ಬಿಡಿಸಿ ಆಮೇಲೆ ಬೈಕ್‌ಗೆ ಹಾಕಿ. ಮೊದಲ ಏಳೆಂಟು ಕಿಲೋಮೀಟರ್ ಶಿಫ್ಟಿಂಗ್ ಒರಟಾಗಿರತ್ತೆ, ಹೊಸಬರು ಅಲ್ಲೇ ಹೆದರಿ ಗೇರ್ ಬದಲಿಸೋ ಡಿರೇಲರ್‌ನ ಕೇಬಲ್ ತಿರುಗಿಸೋಕೆ ಹೋಗ್ತಾರೆ, ಮುಟ್ಟಬೇಡಿ, ಹೆಚ್ಚಿನ ಮೇಣ ಉದುರಿದ್ಮೇಲೆ ತಾನೇ ಸರಿ ಹೋಗತ್ತೆ.

ಎಷ್ಟು ದಿನಕ್ಕೊಮ್ಮೆ ಅಂತ ಎಲ್ಲರೂ ಕೇಳ್ತಾರೆ. ಒಣ ಟ್ರೇಲ್ ಆದ್ರೆ 200 ಕಿಲೋಮೀಟರ್ ಆಸುಪಾಸು, ಅಷ್ಟರಲ್ಲಿ ಸದ್ದು ಬದಲಾಗತ್ತೆ. ಕೆಸರಾದ್ರೆ ಪ್ರತಿ ರೈಡ್ ಆದ್ಮೇಲೆ, ಇದರಲ್ಲಿ ರಿಯಾಯಿತಿ ಇಲ್ಲ. ಮೇಣ ಇಡೀ ರೈಡ್ ತಡ್ಕೊಳ್ಳತ್ತೆ, ಮೂರೂವರೆ ನಾಲ್ಕು ಗಂಟೆ ಸತತ ಮಳೇಲಿ ಓಡಿಸಿ ನೋಡಿದೀನಿ, ಕೊನೆ ಅರ್ಧ ಗಂಟೆ ಸ್ವಲ್ಪ ಸದ್ದು ಬಂತು ಅಷ್ಟೆ. ಆದ್ರೆ ಹಾಗೇ ರಾತ್ರಿ ಬಿಟ್ರೆ ಹೊರಗಿನ ಪ್ಲೇಟ್‌ಗೆ ಕೆಂಪು ತುಕ್ಕು ಬರತ್ತೆ, ಎಣ್ಣೆ ಹಾಗೆ ಇದು ಹೊರಮೈ ಕಾಯಲ್ಲ. ಅದಕ್ಕೇ ಮೂರು ಚೈನು. ರೈಡಿಂದ ಬಂದ ತಕ್ಷಣ ಒದ್ದೆ ಚೈನ್ ಬಿಚ್ಚಿ ಒರೆಸಿ ಬದಿಗಿಟ್ಟು, ರೆಡಿ ಇರೋ ಇನ್ನೊಂದು ಹಾಕಿಬಿಡ್ತೀನಿ. ಮೂರು ಚೈನ್ ಒಟ್ಟಿಗೆ ತಗೊಳ್ಳೋದು ಮೊದಲಿಗೆ ಭಾರ ಅನ್ಸತ್ತೆ, ಆದ್ರೆ ಒಂದರ ಹಿಂದೆ ಒಂದು ತಗೊಳ್ಳೋದೇ ತಾನೆ, ಒಟ್ಟಿಗೆ ಸವೆದ್ರೆ ಕ್ಯಾಸೆಟ್‌ಗೂ ಒಂದೇ ಸಮ ಹೊಂದ್ಕೊಂಡು ಹೋಗತ್ತೆ.

ಕೆಸರಾದ ಚೈನ್‌ಗೆ ಮತ್ತೆ ಟರ್ಪೆಂಟೈನ್ ಬೇಕಾಗಿಲ್ಲ, ಇದೇ ಮೇಣದ ದೊಡ್ಡ ಸುಖ. ಪಾತ್ರೇಲಿ ಹಾಕಿ ಕುದಿಯೋ ನೀರು ಸುರಿದ್ರೆ ಹಳೇ ಮೇಣ ಮಣ್ಣು ಎರಡೂ ಬಿಡತ್ತೆ, ಎರಡು ಮೂರು ಸಲ ಸುರಿದ್ರೆ ಹೊಸದರ ಹಾಗೆ ಹೊಳೆಯತ್ತೆ. ಆ ನೀರು ಸಿಂಕಿಗೆ ಚೆಲ್ಲಬೇಡಿ, ಮೇಣ ಪೈಪಲ್ಲಿ ಹೆಪ್ಪುಗಟ್ಟಿ ಕೂರತ್ತೆ, ಆರೋಕೆ ಬಿಟ್ರೆ ಮೇಲೆ ಬಿಲ್ಲೆ ಕಟ್ಟತ್ತೆ, ಎತ್ತಿ ಬಿಸಾಕಿ. ಆಮೇಲೆ ಚೈನು ಪೂರ್ತಿ ಒಣಗಲೇಬೇಕು. ಒಳಗೆ ನೀರು ಉಳಿದಿದ್ರೆ ಮೇಣಕ್ಕಿಂತ ಭಾರ ಅಲ್ವಾ, ತಳಕ್ಕೆ ಹೋಗಿ ಕಾಣದ ಹಾಗೆ ಕೂತಿರತ್ತೆ, ಮುಂದಿನ ಸಲ ಕಾಯಿಸುವಾಗ ಬಿಸಿ 100 ಡಿಗ್ರಿ ದಾಟಿತೋ, ಕೆಳಗಿಂದ ಎದ್ದು ಬಿಸಿ ಮೇಣ ಮುಖಕ್ಕೆ ಸಿಡಿಯತ್ತೆ. ಹೇರ್ ಡ್ರೈಯರ್ ಹಿಡಿದು ಐದು ನಿಮಿಷ ಒಣಗಿಸಿದ್ರೆ ಚಿಂತೆ ಇಲ್ಲ.

ಕುಕ್ಕರಲ್ಲಿರೋ ಮೇಣ ಗಟ್ಟಿಯಾದ್ಮೇಲೆ ಗಡ್ಡೆ ಸಮೇತ ಹೊರಗೆ ತೆಗೆದು ತಳ ನೋಡಿ, ಕಪ್ಪು ಪದರ ಕಾಣತ್ತೆ, ಸಣ್ಣ ಮರಳು ಅದು, ಚಾಕೂಲಿ ಮೂರ್ನಾಲ್ಕು ಮಿಲಿಮೀಟರ್ ಕೆರೆದು ತೆಗೀಬೇಕು. ತೊಂದರೆ ಏನಂದ್ರೆ ಮಾಲಿಬ್ಡಿನಮ್ ಪುಡಿ ಕೂಡ ಭಾರವಾಗಿ ಅಲ್ಲೇ ಇಳಿದಿರತ್ತೆ, ಕೆರೆದಾಗ ಅದೂ ಹೋಗತ್ತೆ. ಹಾಗಾಗಿ ಕೆರೆದಾಗೆಲ್ಲ ಒಂದಿಷ್ಟು ಹೊಸ ಪುಡಿ, ಮತ್ತೆ ಪ್ರತಿ ಸಲ ಅದ್ದೋ ಮುಂಚೆ ತಳದಿಂದ ಕಲಕೋದು. ಹದಿನೈದು ಇಪ್ಪತ್ತು ಸಲ ಅದ್ದಿದ್ಮೇಲೆ ಮೇಣ ಪೂರ್ತಿ ಬದಲಾಯಿಸ್ತೀನಿ, ಪ್ಯಾರಾಫಿನ್ ಅಗ್ಗ, ಅಲ್ಲಿ ಜಿಪುಣತನ ಬೇಡ.

ಕ್ವಿಕ್ ಲಿಂಕ್, ಅಂದ್ರೆ ಚೈನ್ ಬಿಚ್ಚಿ ಹಾಕೋಕೆ ಇರೋ ಜೋಡಣೆ ಕೊಂಡಿ, ಅದರ ಬಗ್ಗೆ ಒಂದು ಮಾತು. ಶಿಮಾನೊ, ಸ್ರಾಮ್ ಇಬ್ಬರೂ ಹನ್ನೆರಡು ಸ್ಪೀಡ್ ಲಿಂಕ್ ಒಂದೇ ಸಲ ಬಳಸಿ ಅಂತಾರೆ. ಪ್ರತಿ ಸಲ ಹೊಸದು ಹಾಕಿದ್ರೆ ಮೇಣದಲ್ಲಿ ಉಳಿದ ದುಡ್ಡು ಅಲ್ಲೇ ಹೋಗತ್ತೆ. ನಾನು ನಾಲ್ಕೈದು ಸಲ ಬಳಸ್ತೀನಿ, ಪೆಡಲ್ ಒತ್ತಿ ಕೂರಿಸುವಾಗ ಟಕ್ ಅಂತ ಗಟ್ಟಿ ಸದ್ದು ಬರದೆ ಸಲೀಸಾಗಿ ಕೂತ್ರೆ ಆ ಲಿಂಕ್ ಕಸಕ್ಕೆ. ಇದು ನನ್ನ ಲೆಕ್ಕ, ದೊಡ್ಡ ಜಂಪ್ ಹೊಡೆಯೋರು ಕಂಪನಿ ಹೇಳಿದ್ದೇ ಕೇಳಿ. ಬ್ಯಾಗಲ್ಲಿ ಯಾವಾಗ್ಲೂ ಹೊಸದೊಂದು ಇರಲಿ.

ಮೇಣಕ್ಕೆ ಬಂದ್ಮೇಲೆ ಇನ್ನೊಂದು ಲಾಭ ಕಂಡಿದ್ದು ಬ್ರೇಕಲ್ಲಿ. ಮೊದಲು ಲೂಬ್ ಸ್ಪ್ರೇ ಹೊಡೆದಾಗ ಹಿಂದಿನ ಬ್ರೇಕ್ ಡಿಸ್ಕ್‌ಗೆ ತುಂತುರು ತಾಗಿ ಪ್ಯಾಡ್ ಕೆಡ್ತಿತ್ತು, ಕೂಗೋದು, ಹಿಡಿಯದೆ ಇರೋದು, ಒಂದು ಜೊತೆ ಪ್ಯಾಡ್ ಹಾಗೇ ಎಸೆದಿದೀನಿ. ಈಗ ಎಣ್ಣೆಯೇ ಇಲ್ಲ, ಆ ರಗಳೆಯೂ ಇಲ್ಲ. ಇದೇ ಹುಮ್ಮಸ್ಸಲ್ಲಿ ಶೂ ಕ್ಲೀಟ್‌ಗೂ (ಪೆಡಲ್‌ಗೆ ಕಚ್ಚಿಕೊಳ್ಳೋ ಅಡಿಯ ಲೋಹದ ತುಂಡು) ಮೇಣ ಬಳಿದು ನೋಡ್ದೆ, ಕೆಸರು ಅಂಟೋದು ಕಮ್ಮಿ ಆಗತ್ತೆ, ಆದ್ರೆ ಅರ್ಧ ಗಂಟೆ ಬೈಕ್ ಎತ್ಕೊಂಡು ನಡೆದ್ರೆ ಹೋಯ್ತು, ಅಷ್ಟಕ್ಕೆ ಶ್ರಮ ಯಾಕೆ. ಚೈನ್ ಪಕ್ಕದ ಫ್ರೇಮ್ ಕೊಳವೆ, ಅಂದ್ರೆ ಚೈನ್‌ಸ್ಟೇಗೆ ಹಳೇ ಟ್ಯೂಬ್ ಉದ್ದಕ್ಕೆ ಸೀಳಿ ಬಿಗಿಯಾಗಿ ಸುತ್ತಿದ್ದು ಮಾತ್ರ ಖರ್ಚಿಲ್ಲದ ಒಳ್ಳೆ ಕೆಲಸ, ಇಳಿಜಾರಲ್ಲಿ ಚೈನ್ ಬಡಿಯೋ ಸದ್ದು ನಿಂತು ಡ್ರೈವ್‌ಟ್ರೇನ್ ಸದ್ದು ಸರಿಯಾಗಿ ಕೇಳತ್ತೆ, ಮೇಣ ಯಾವಾಗ ಮುಗೀತು ಅಂತ ಗೊತ್ತಾಗೋದು ಅದರಿಂದಲೇ. ಮುಂದಿನ ಚಕ್ರಕ್ಕೆ ಪ್ಲಾಸ್ಟಿಕ್ ಮಡ್‌ಗಾರ್ಡ್ ಹಾಕಿದ್ಮೇಲೆ ಚೈನ್‌ರಿಂಗ್ ಮೇಲೆ ಬೀಳೋ ಕೆಸರೂ ಕಣ್ಣಿಗೆ ಕಾಣೋ ಹಾಗೆ ಕಮ್ಮಿ ಆಯ್ತು.

ಎರಡು ಮೂರು ದಿನದ ಟ್ರಿಪ್‌ಗೆ ಕುಕ್ಕರ್ ಹೊತ್ಕೊಂಡು ಹೋಗೋಕಾಗಲ್ಲ, ಅದಕ್ಕೆ ಡ್ರಿಪ್ ವ್ಯಾಕ್ಸ್, ಅಂದ್ರೆ ಹನಿ ಹನಿ ಹಾಕೋ ದ್ರವ ಮೇಣದ ಚಿಕ್ಕ ಬಾಟಲಿ. ರಾತ್ರಿ ಮಲಗೋ ಮುಂಚೆ ಹಾಕಬೇಕು, ಬೆಳಿಗ್ಗೆ ಹಾಕಿ ತಕ್ಷಣ ಹೊರಟ್ರೆ ಅದರ ನೀರಿನಂಶ ಆರದೆ ಎಲ್ಲ ಚೆಲ್ಲಿ ಹೋಗತ್ತೆ. ಮೇಣದ ಚೈನ್ ಮೇಲೆ ಯಾರೋ ಪ್ರೀತಿಯಿಂದ ಎಣ್ಣೆ ಹಾಕೋಕೆ ಬಂದ್ರೆ ಬೇಡ ಅನ್ನಿ, ಒಂದು ಹನಿ ಎಣ್ಣೆ ಬಿತ್ತು ಅಂದ್ರೆ ಮತ್ತೆ ಟರ್ಪೆಂಟೈನ್‌ನಿಂದ ಶುರು. ಈಗ ನನ್ನ ಮೂರು ಚೈನಲ್ಲಿ ಒಂದಕ್ಕೆ ಬರೀ ಡ್ರಿಪ್ ವ್ಯಾಕ್ಸ್ ಹಾಕಿ, ಉಳಿದೆರಡಕ್ಕೆ ಕುಕ್ಕರ್ ಮೇಣ ಹಾಕಿ ಸವೆತ ಅಳೀತಾ ಇದೀನಿ, ಇನ್ನೊಂದು 500 ಕಿಲೋಮೀಟರ್ ಓಡಿದ್ರೆ ವ್ಯತ್ಯಾಸ ಗೇಜಲ್ಲಿ ಗೊತ್ತಾಗತ್ತೆ.